ತೂಬು ಮುಚ್ಚಿದ ಮೇಲಿನ ನೀರು

ಹೋದ ವಾರ ಕಪಾಟಿನ ಕೆಳಗಿನ ಖಾನೆಯಿಂದ ಒಂದು ಹಳೆಯ ಪುಸ್ತಕ ಹೊರತೆಗೆದೆ. ಉದ್ದನೆಯ ರಟ್ಟಿನ ಪುಸ್ತಕ. ಹಾಳೆಗಳೆಲ್ಲ ನೀರು ಕುಡಿದು ಒಣಗಿ ಹಪ್ಪಳದ ಹಾಗೆ ಅಂಕುಡೊಂಕಾಗಿವೆ. ತೆರೆದದ್ದೇ ತಡ, ಪಾಚಿಯ ವಾಸನೆ ಮೂಗಿಗೆ ಬಡಿಯಿತು. ಆರು ವರ್ಷವಾದರೂ ಹೋಗಿಲ್ಲ. ಮಗಳು ಮೂಗು ಮುಚ್ಚಿಕೊಂಡು, "ಅಮ್ಮಾ, ಏನದು ಗಬ್ಬು, ಆಚೆ ಇಡು" ಎಂದಳು. ನಾನು ಪುಸ್ತಕವನ್ನು ಮುಖದ ಹತ್ತಿರ ತಂದು ಇನ್ನೊಮ್ಮೆ ಮೂಸಿದೆ. ಅವಳು ನನ್ನನ್ನು ಒಂದು ಥರ ನೋಡಿ ಒಳಗೆ ಹೋದಳು.

ಆ ವಾಸನೆ ಒಂದು ಕೆರೆಯದು. ಆ ಕೆರೆಗೆ ಒಬ್ಬ ನೀರುಗಂಟಿ ಇದ್ದರು. ತೂಬು ತೆರೆದು ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು, ಮತ್ತೆ ಮುಚ್ಚುವುದು ಅವರ ಕೆಲಸ. ನನ್ನ ಜೀವಮಾನದಲ್ಲಿ ನಾನು ಕಟ್ಟಿದ ಒಂದೇ ಒಂದು ದೊಡ್ಡ ಕೃತಿಯನ್ನು ಮುಖದ ಮೇಲೆ ತಪ್ಪು ಎಂದು ಹೇಳಿದವರು ಅವರೊಬ್ಬರೇ. ಪಿಟೀಲು ಎಂಬುದನ್ನು ಅವರು ಹತ್ತಿರದಿಂದ ನೋಡಿದ್ದು ನನ್ನ ಕೈಯಲ್ಲೇ ಮೊದಲು...

ನಾನು ಹುಟ್ಟಿ ಬೆಳೆದದ್ದು ಹರಿಹರದಲ್ಲಿ, ಹೊಳೆದಂಡೆಯ ಓಣಿಯಲ್ಲಿ. ಮದುವೆಯಾಗಿ ದಾವಣಗೆರೆಗೆ ಬಂದು, ಮಹಡಿಯ ಮೇಲಿನ ಕೋಣೆಯಲ್ಲಿ ಮಕ್ಕಳಿಗೆ ಪಿಟೀಲು ಕಲಿಸುತ್ತ ಇಪ್ಪತ್ತು ವರ್ಷ ಕಳೆದಿದ್ದೆ. ಆ ವರ್ಷ ಊರಿನ ಒಂದು ಸಂಗೀತ ಸಭೆಯ ಕಾರ್ಯದರ್ಶಿಗಳು ಮನೆಗೆ ಬಂದರು. ಕಾಫಿ ಕುಡಿದು ಲೋಟ ಕೆಳಗಿಟ್ಟು, "ಟೀಚರ್ರೇ, ನಿಮ್ಮ ಹುಡುಗ್ರನ್ನೆಲ್ಲ ಕೂಡಿಸಿ ಹೊಸಾದೇನಾರ ಮಾಡ್ರಿ. ಹಾಡು ಬ್ಯಾಡ, ತಬಲ ಬ್ಯಾಡ, ಬರೀ ತಂತಿವಾದ್ಯ ಇರ್ಲಿ. ನಿಮ್ ಕೈಲಿ ಆಗಲ್ಲ ಅಂದ್ರೆ ಈಗ್ಲೇ ಹೇಳ್ರಿ, ಧಾರವಾಡದಿಂದ ಯಾರನ್ನಾರ ಕರಸ್ತೀವಿ" ಎಂದರು. ಆ ಕೊನೆಯ ಮಾತೊಂದನ್ನು ಆಡದಿದ್ದರೆ ನಾನು ಖಂಡಿತ ಆಗಲ್ಲ ಎಂದೇ ಹೇಳುತ್ತಿದ್ದೆ. ನನಗೆ ಮೈ ಉರಿದು ಹೋಯಿತು. "ಕೆರೆ ಮೇಲೆ ಮಾಡ್ತೀನಿ, ಇಪ್ಪತ್ತು ನಿಮಿಷದ್ದು" ಎಂದುಬಿಟ್ಟೆ. ಕೆರೆ ಎಂಬ ಮಾತು ಬಾಯಿಗೆ ಎಲ್ಲಿಂದ ಬಂತೋ ಶಿವನೇ ಬಲ್ಲ. ಹಿಂದಿನ ವಾರ ಮದುವೆಗೆಂದು ಮಲೆಬೆನ್ನೂರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಒಂದು ಕೆರೆ ಕಂಡಿತ್ತು. ಅದೇ ತಲೆಯಲ್ಲಿ ಕೂತಿತ್ತೋ ಏನೋ.

ಅವರು ಹೋದ ಮೇಲೆ ಕೂತು ಲೆಕ್ಕ ಹಾಕಿದೆ. ನನ್ನ ಬಳಿ ಇದ್ದದ್ದು ಹನ್ನೆರಡು ಜನ. ಎಂಟು ಪಿಟೀಲು, ಪಿಟೀಲಿಗಿಂತ ತುಸು ದೊಡ್ಡದಾದ ವಿಯೋಲ ಎರಡು, ಕಾಲ ನಡುವೆ ನಿಲ್ಲಿಸಿಕೊಂಡು ನುಡಿಸುವ ಚೆಲ್ಲೊ ಎರಡು. ಚೆಲ್ಲೊ ನುಡಿಸುವ ಅಣ್ಣತಂಗಿ ಹರಿಹರದ ಚರ್ಚಿನಲ್ಲಿ ಕಲಿತವರು. ಅಷ್ಟು ಜನಕ್ಕೆ ಬೇರೆಬೇರೆ ಸ್ವರ ಬರೆದು, ಅವೆಲ್ಲ ಒಂದಕ್ಕೊಂದು ಹೊಂದುವ ಹಾಗೆ ಕೂರಿಸುವ ಕೆಲಸ ನಾನು ಕನಸಿನಲ್ಲೂ ಮಾಡಿದವಳಲ್ಲ. ಆದರೆ ಮಾತು ಕೊಟ್ಟಾಗಿತ್ತು. ಮುಂದಿನ ಭಾನುವಾರ ಪಿಟೀಲಿನ ಪೆಟ್ಟಿಗೆ, ರಟ್ಟಿನ ಪುಸ್ತಕ, ಒಂದು ಬಾಟಲಿ ನೀರು ಹಿಡಿದುಕೊಂಡು ಹರಿಹರದಲ್ಲಿ ಬಸ್ಸು ಬದಲಿಸಿ, ಆ ಕೆರೆಯ ಹತ್ತಿರ ಇಳಿದೆ.

ಏರಿಯ ಮೇಲೆ ಸ್ವಲ್ಪ ದೂರ ನಡೆದರೆ ನೀರಿನೊಳಗೆ ಎರಡು ಕಲ್ಲುಕಂಬ, ಅವುಗಳಿಗೆ ಅಡ್ಡ ಒಂದು ಚಪ್ಪಡಿ. ಕೂರಲು ಹೇಳಿ ಮಾಡಿಸಿದ ಜಾಗ. ಚಪ್ಪಲಿ ಬಿಟ್ಟು, ಸೀರೆ ಎತ್ತಿಕಟ್ಟಿ, ಚಪ್ಪಡಿಯ ಮೇಲೆ ಹೋಗಿ ಕೂತು ಪಿಟೀಲು ತೆಗೆದೆ. ಶ್ರುತಿ ಮಾಡಿಕೊಳ್ಳುತ್ತಿದ್ದೆ ಅಷ್ಟೆ, ಹಿಂದಿನಿಂದ ಒಂದು ಗದರಿಕೆ.

"ಯಾರ್ರೀ ಅದು? ತೂಬಿನ ಮ್ಯಾಲೆ ಕೂಡಬ್ಯಾಡ್ರಿ, ಇಳೀರಿ ಇಳೀರಿ!"

ತಿರುಗಿ ನೋಡಿದರೆ ತಲೆಗೆ ಟವೆಲ್ಲು ಸುತ್ತಿದ, ಹೆಗಲ ಮೇಲೆ ಸಲಿಕೆ ಇಟ್ಟ ಒಬ್ಬ ಹಿರಿಯರು. ಅರವತ್ತೈದರ ಮೇಲೆ ಇದ್ದಿರಬೇಕು. ಮೊಣಕಾಲಿನ ತನಕ ಕೆಸರು ಒಣಗಿ ಬೆಳ್ಳಗಾಗಿತ್ತು. ನಾನು, "ಯಾಕೆ, ಕೂತರೆ ಏನಾಗ್ತದೆ ಯಜಮಾನ್ರೇ?" ಎಂದೆ.

"ಏನೂ ಆಗಲ್ರಿ. ನಾನು ತೂಬು ತೆಗೀಬೇಕು. ನೀವು ಕುಂತ್ರೆ ಹೆಂಗೆ ತೆಗೀಲಿ?"

ಇಳಿದೆ. ಅವರು ಚಪ್ಪಡಿಯ ತೂತಿನಿಂದ ಕೆಳಗಿಳಿದ ಒಂದು ಉದ್ದನೆಯ ಮರದ ಗಳವನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಎಳೆದರು. ನೀರಿನ ತಳದಲ್ಲಿ ಏನೋ ಗೊಳಕ್ ಎಂದಿತು. ಒಂದು ಗಳಿಗೆ ಬಿಟ್ಟು ಏರಿಯ ಆಚೆ ಬದಿಯ ಕಾಲುವೆಯಲ್ಲಿ ನೀರು ಭೋರ್ ಎಂದು ಹೊರಬಿತ್ತು. ನಾನು ಬಾಯಿಬಿಟ್ಟುಕೊಂಡು ನೋಡುತ್ತಿದ್ದೆ. ಅವರು ನನ್ನ ಕೈಯಲ್ಲಿದ್ದ ಪಿಟೀಲಿನ ಕಡೆ ಗಲ್ಲ ಎತ್ತಿ ತೋರಿಸಿ, "ಏನ್ರಿ ಅಮ್ಮಾರೆ, ಮೀನಿಗೆ ಕೇಳಸಾಕೆ ಬಂದೀರೇನು?" ಎಂದು ನಕ್ಕರು.

ಆಮೇಲೆ ಪ್ರತಿ ಭಾನುವಾರ ಹೋದೆ. ಅವರು ಕೆಲಸ ಮಾಡುತ್ತಿದ್ದರು, ನಾನು ಬರೆಯುತ್ತಿದ್ದೆ. ಮಾತು ಹೆಚ್ಚಿರಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿ ಒಂದು ಜೋಳದ ರೊಟ್ಟಿ, ಶೇಂಗಾ ಚಟ್ನಿ ನನ್ನ ಕಡೆ ಸರಿಸುತ್ತಿದ್ದರು. ಎರಡನೆಯ ವಾರದಿಂದ ಅವರ ಹೆಂಡತಿ ನನಗೂ ಲೆಕ್ಕ ಹಿಡಿದು ರೊಟ್ಟಿ ಬಡಿಯತೊಡಗಿದರಂತೆ. ಆಕೆಯನ್ನು ನಾನು ನೋಡಿರಲಿಲ್ಲ, ಆಕೆಯ ಕೈ ರುಚಿ ಮಾತ್ರ ನೋಡಿದ್ದೆ. ಸಂಜೆ ಐದರ ಬಸ್ಸಿಗೆ ನಾನು ವಾಪಸು ಹೊರಟುಬಿಡುತ್ತಿದ್ದೆ.

ಎರಡು ತಿಂಗಳಲ್ಲಿ ಕೃತಿ ಮುಗಿಯಿತು. ನನಗಂತೂ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮೊದಲ ಪಿಟೀಲುಗಳು ಒಂದರ ಹಿಂದೊಂದು ಸ್ವರ ಹೆಣೆಯುತ್ತ ಓಡುವುದು, ಎರಡನೆಯವು ಬೆನ್ನಟ್ಟುವುದು, ಚೆಲ್ಲೊಗಳು ತಳದಲ್ಲಿ ತಿರುಗುವುದು... ಮಹಡಿಯ ಕೋಣೆಯಲ್ಲಿ ಹನ್ನೆರಡು ಜನ ಮೊದಲ ಸಲ ಪೂರ್ತಿ ನುಡಿಸಿದ ದಿನ ನಾನೇ ಎದ್ದು ಚಪ್ಪಾಳೆ ಹೊಡೆದೆ. ಅದನ್ನು ಫೋನಿನಲ್ಲಿ ಹಿಡಿದುಕೊಂಡು ಭಾನುವಾರ ಕೆರೆಗೆ ಹೋದೆ. ಅವರ ಕೈಗೆ ಫೋನು ಕೊಟ್ಟು, "ಕೇಳಿ ಯಜಮಾನ್ರೇ, ನಿಮ್ಮ ಕೆರೆ" ಎಂದೆ.

ಅವರು ಏರಿಯ ಮೇಲಿನ ಬೇವಿನ ಮರದ ಕೆಳಗೆ ಕೂತು, ಫೋನನ್ನು ಕಿವಿಗೆ ಹಚ್ಚಿಕೊಂಡು ಇಪ್ಪತ್ತು ನಿಮಿಷ ಅಲ್ಲಾಡದೆ ಕೇಳಿದರು. ಕೇಳಿ ಮುಗಿಸಿ ಫೋನನ್ನು ಟವೆಲ್ಲಿನಲ್ಲಿ ಒರೆಸಿ ನನಗೆ ಕೊಟ್ಟರು.

"ಚಲೋ ಐತ್ರಿ ಅಮ್ಮಾರೆ. ಆದ್ರೆ ಇದು ಹೊಳೆ."

"ಏನು?"

"ಇದು ಕೆರೆ ಅಲ್ರಿ, ಹೊಳೆ. ಎಲ್ಲಿಗೋ ಹೊಂಟೈತಲ್ರಿ ಇದು. ಕೆರೆ ಎಲ್ಲಿಗೂ ಹೋಗಲ್ಲ, ಕುಂತಲ್ಲೇ ಕುಂತಿರ್ತೈತೆ. ನಾನು ಬಿಟ್ರಷ್ಟೇ ಹೋಗೋದು."

ನನಗೆ ಸಿಟ್ಟು ನೆತ್ತಿಗೇರಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಹೊತ್ತು ನನ್ನ ಬಾಯಿಂದ ಬಂದ ಮಾತು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. "ನಿಮಗೆ ಸಂಗೀತ ಗೊತ್ತೇನ್ರಿ?" ಎಂದೆ.

"ಇಲ್ರಿ."

"ಮತ್ತೆ?"

"ಕೆರೆ ಗೊತ್ರಿ" ಎಂದರು. ಎದುರು ಮಾತಿನ ಧ್ವನಿಯಲ್ಲ ಅದು. ಕೇಳಿದ್ದಕ್ಕೆ ಉತ್ತರ ಕೊಟ್ಟರು ಅಷ್ಟೆ. ನಾನು ಪೆಟ್ಟಿಗೆ ಎತ್ತಿಕೊಂಡು, ರೊಟ್ಟಿ ಸಹ ಮುಟ್ಟದೆ, ಗಂಟುಮೋರೆ ಹಾಕಿಕೊಂಡು ರಸ್ತೆಗೆ ಬಂದು ನಿಂತೆ.

ಹರಿಹರದಲ್ಲಿ ಬಸ್ಸು ಇಳಿದವಳಿಗೆ ದಾವಣಗೆರೆಯ ಬಸ್ಸು ಹತ್ತುವ ಮನಸ್ಸಾಗಲಿಲ್ಲ. ನಾನು ಹುಟ್ಟಿದ ಓಣಿಯ ಕಡೆ ನಡೆದೆ. ಅಲ್ಲಿ ನಮ್ಮವರು ಈಗ ಯಾರೂ ಇಲ್ಲ. ಓಣಿ ಮುಗಿದು ಹೊಳೆಯ ಮೆಟ್ಟಿಲು ಸಿಗುತ್ತದೆ. ಕೂತೆ. ಸಿಟ್ಟು ಇಳಿಯುವ ತನಕ ಕೂತಿರೋಣ ಎಂದುಕೊಂಡಿದ್ದೆ. ಸ್ವಲ್ಪ ಹೊತ್ತಿಗೆ ಕೈಬೆರಳು ತಾನೇ ತಾನಾಗಿ ಮೊಣಕಾಲಿನ ಮೇಲೆ ತಾಳ ಹಾಕುತ್ತಿತ್ತು. ನನ್ನ ಕೃತಿಯ ತಾಳ! ಎದುರಿಗೆ ಹೊಳೆ ಸಾಗುತ್ತಿದ್ದ ನಡಿಗೆಗೂ ನನ್ನ ತಾಳಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಎಂಟು ವಾರ ಕೆರೆಯ ಮುಂದೆ ಕೂತು ನಾನು ಬರೆದದ್ದು ನನ್ನ ಬಾಲ್ಯದ ಹೊಳೆಯನ್ನು. ಹರಿಹರದವರಿಗೆ ನೀರು ಎಂದರೆ ಹರಿಯುವುದೇ. ಬೇರೆ ಥರದ ನೀರು ನಮಗೆ ಕಣ್ಣಿಗೆ ಬಿದ್ದರೂ ಕಿವಿಗೆ ಬೀಳುವುದಿಲ್ಲ. ನನಗೆ ನಗು ಬಂತು, ಅಳುವೂ ಬಂತು. ಅಯ್ಯೋ ದೇವರೇ, ಆ ಮನುಷ್ಯ ಫೋನಿನಲ್ಲಿ ಒಂದು ಸಲ ಕೇಳಿ ಹಿಡಿದುಬಿಟ್ಟಿದ್ದರು.

ಆದರೂ ನನ್ನ ಜಂಭ ಅಷ್ಟು ಸುಲಭಕ್ಕೆ ಇಳಿಯುವಂಥದ್ದಲ್ಲ. ಮತ್ತೆ ಆ ಕಡೆ ಹೋಗಲು ಮೂರು ವಾರ ತೆಗೆದುಕೊಂಡೆ. ಹೋದಾಗ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದೆ. ಹೇಳಲು ಅವರು ಬಿಡಲಿಲ್ಲ. ದೂರದಿಂದಲೇ ನೋಡಿ, "ಬಾ ಯವ್ವಾ, ಮೂರು ವಾರದ ರೊಟ್ಟಿ ನಾನೇ ತಿಂದೆ, ಹೊಟ್ಟೆ ಬಂತು ನೋಡು" ಎಂದರು. ಅಮ್ಮಾರೆ ಹೋಗಿ ಯವ್ವಾ ಆಯಿತು. ನಾನೂ ಅವತ್ತಿನಿಂದ ಯಜಮಾನ್ರೇ ಬಿಟ್ಟು ಕಾಕಾ ಎನ್ನತೊಡಗಿದೆ.

"ಕಾಕಾ, ನಿಂತ ನೀರನ್ನ ಹೆಂಗೆ ಕೇಳೋದು? ಸದ್ದೇ ಇಲ್ಲವಲ್ಲ" ಎಂದು ಕೇಳಿದೆ.

ಅವರು ನನ್ನನ್ನು ತೂಬಿನ ಹತ್ತಿರ ಕರೆದುಕೊಂಡು ಹೋಗಿ ಆ ಮರದ ಗಳವನ್ನು ಹಿಡಿದುಕೊಳ್ಳಲು ಹೇಳಿದರು. ಹಿಡಿದೆ. ಗಳ ಸಣ್ಣಗೆ ನಡುಗುತ್ತಿತ್ತು. ಮೇಲೆ ನೀರು ಕನ್ನಡಿಯ ಹಾಗೆ ಇತ್ತು, ಒಂದು ಅಲೆಯೂ ಇಲ್ಲ. ಕೈಯಲ್ಲಿ ಮಾತ್ರ ಆ ನಡುಕ ಬಿಡುವಿಲ್ಲದೆ ಬರುತ್ತಲೇ ಇತ್ತು. "ಕುಂತೈತೆ ಅಂದ್ರೆ ಮಲಗೈತೆ ಅಂತಲ್ಲ. ಹಗಲೂ ರಾತ್ರಿ ತೂಬು ನೂಕ್ತಾನೇ ಇರ್ತೈತೆ, ಒಂದು ಗಳಿಗೆ ಬಿಡಲ್ಲ" ಎಂದರು.

ಅಂದೇ ಕೆಲಸ ಹೊಸದಾಗಿ ಶುರುವಾಯಿತು. ಓಡುವ ಸ್ವರಗಳನ್ನೆಲ್ಲ ಹೊಡೆದುಹಾಕಿದೆ. ಒಂದೇ ಷಡ್ಜ. ಹನ್ನೆರಡು ಜನವೂ ಅದನ್ನೇ ಹಿಡಿದು ನಿಲ್ಲಬೇಕು, ಆದರೆ ತಂತಿಯ ಮೇಲೆ ಎಳೆಯುವ ಕಮಾನು ಒಬ್ಬರದು ತಿರುಗುವಾಗ ಇನ್ನೊಬ್ಬರದು ತಿರುಗಬಾರದು. ಆಗ ಮಾತ್ರ ಸ್ವರ ಎಲ್ಲೂ ಕಡಿಯದೆ ನಿಲ್ಲುತ್ತದೆ. ನನ್ನ ಶಿಷ್ಯರು ಗೋಳಾಡಿದರು. ವರ್ಷಗಟ್ಟಲೆ "ಕಮಾನು ಎಲ್ಲರದೂ ಒಟ್ಟಿಗೆ ತಿರುಗಬೇಕು" ಎಂದು ಬೈದು ಬೈದು ಕಲಿಸಿದವಳು ನಾನೇ. ಈಗ ಒಟ್ಟಿಗೆ ತಿರುಗಿಸಿದರೆ ಬೈಯುತ್ತಿದ್ದೆ. "ಟೀಚರ್, ನಿಮಗೆ ಏನಾಗೈತೆ?" ಎಂದು ಒಬ್ಬಳು ಕೇಳಿಯೇಬಿಟ್ಟಳು.

ಕೊನೆಯ ಭಾಗ ಸಿಗದೆ ಒದ್ದಾಡುತ್ತಿದ್ದೆ. ಅದು ಸಿಕ್ಕಿದ್ದು ಒಂದು ಭಾನುವಾರ ಮಧ್ಯಾಹ್ನ. ಅವರು ತೂಬು ಮುಚ್ಚುತ್ತಿದ್ದರು, ನಾನು ಕಾಲುವೆಯ ಬದಿ ಕಲ್ಲಿನ ಮೇಲೆ ಕೂತಿದ್ದೆ. ಗಳ ಕೆಳಗಿಳಿಯಿತು, ತಳದಲ್ಲಿ ಮರದ ಬಿರಡೆ ಕಲ್ಲಿನ ಬಾಯಿಗೆ ಕೂತಿತು. ಅಷ್ಟು ಹೊತ್ತು ಭೋರ್ಗರೆಯುತ್ತಿದ್ದ ಸದ್ದು ತಟ್ಟನೆ ನಿಂತಿತು. ಎಷ್ಟು ನಿಶ್ಶಬ್ದವಾಯಿತೆಂದರೆ ನನಗೆ ಕಿವಿ ಹೋಯಿತೇನೋ ಅನ್ನಿಸಿತು. ಮುಗಿಯಿತಲ್ಲ ಎಂದು ಎದ್ದೆ. ಕಾಕಾ ಕೈ ತೋರಿಸಿ, "ಕೂಡು ಯವ್ವಾ, ಇನ್ನೂ ನೀರು ನಿಂತಿಲ್ಲ" ಎಂದರು.

"ಮುಚ್ಚಿದಿರಲ್ಲ?"

"ದೊಡ್ಡ ಸದ್ದು ನಿಂತ ಮ್ಯಾಲೆ ಸ್ವಲ್ಪ ಹೊತ್ತು ಕಿವಿಗೆ ಏನೂ ಕೇಳಲ್ಲ. ತಡೆ, ಈಗ ಸಣ್ಣದು ಕೇಳ್ತೈತೆ."

ನಿಜ. ಸ್ವಲ್ಪ ಹೊತ್ತಿನ ಮೇಲೆ ಕೇಳಿಸಿತು. ಕಾಲುವೆಯಲ್ಲಿ ಉಳಿದ ನೀರು ಕಲ್ಲು ಸಂದಿಯಲ್ಲಿ ತೊಟತೊಟ ಎಂದು ಇಳಿದು ಹೋಗುತ್ತಿತ್ತು. ಅವರು ತಲೆ ಬಾಗಿಸಿ ಅದನ್ನೇ ಕೇಳುತ್ತ ಕೂತರು. ಆ ಸಣ್ಣ ಸದ್ದು ಪೂರ್ತಿ ನಿಂತರೆ ಬಿರಡೆ ಸರಿಯಾಗಿ ಕೂತಿದೆ ಎಂದರ್ಥ. ನಿಲ್ಲದಿದ್ದರೆ ಎಲ್ಲೋ ಸೋರುತ್ತಿದೆ, ಬೆಳಗಾಗುವುದರೊಳಗೆ ಕೊನೆಯ ಗದ್ದೆಯವನ ಪಾಲು ಮಣ್ಣುಪಾಲು. ಹಾಗಾಗಿ ಅದು ನಿಲ್ಲುವವರೆಗೆ ಅವರು ಜಾಗ ಬಿಟ್ಟು ಏಳುತ್ತಿರಲಿಲ್ಲ. ನಾನು ಗಡಿಬಿಡಿಯಲ್ಲಿ ಪುಸ್ತಕ ತೆರೆಯಲು ಹೋಗಿ ಅದನ್ನು ಕಾಲುವೆಗೆ ಬೀಳಿಸಿದೆ. ಕಾಕಾ ಸಲಿಕೆ ಚಾಚಿ, ಪಾಚಿ ಸಮೇತ ಎತ್ತಿ ನನ್ನ ಮಡಿಲಿಗೆ ಹಾಕಿದರು. "ಕೆರೆ ತಾನೇ ಸಹಿ ಹಾಕ್ತು ನೋಡು" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ತಡೆಯಲಾಗಲಿಲ್ಲ.

ಕೃತಿಯ ಕೊನೆಯನ್ನು ಹಾಗೆಯೇ ಬರೆದೆ. ಹನ್ನೆರಡೂ ವಾದ್ಯಗಳು ಜೋರಾಗಿ ಏರಿ ಬಂದು ಒಮ್ಮೆಲೇ ನಿಲ್ಲಬೇಕು. ಆಮೇಲೆ ವಿಳಂಬ ಕಾಲದಲ್ಲಿ ಎಂಟು ಎಣಿಕೆ ಏನೂ ಇಲ್ಲ. ಕಮಾನು ಗಾಳಿಯಲ್ಲೇ ನಿಂತಿರಬೇಕು. ಅದಾದ ಮೇಲೆ ಎರಡೇ ಪಿಟೀಲು, ತಂತಿಯನ್ನು ಬೆರಳಿನಿಂದ ಮೀಟುತ್ತ, ಒಂದೊಂದೇ ಸ್ವರ ಬಿಡುತ್ತ ಹೋಗಿ ನಿಲ್ಲಬೇಕು. ಸಿದ್ಧವಾದ ಮೇಲೆ ಕಾಕಾಗೆ ಕೇಳಿಸಲು ಫೋನು ತೆಗೆದೆ. ಅವರು ಬೇಡ ಎಂದರು. "ಆ ಡಬ್ಬಿಯಾಗ ಬ್ಯಾಡ ಯವ್ವಾ. ಮಂದಿ ಕುಂತು ಬಾರಿಸ್ತಾರಲ್ಲ, ಅಲ್ಲಿಗೇ ಬರ್ತೀನಿ. ಕೆರೆ ಹೌದೋ ಅಲ್ಲೋ ಅವತ್ತೇ ಹೇಳ್ತೀನಿ."

ಆ ಮಾತು ಕೇಳಿದ ಮೇಲೆ ನನಗೆ ಸಭೆಯೂ ಬೇಡವಾಯಿತು, ಕಾರ್ಯದರ್ಶಿಗಳೂ ಬೇಡವಾದರು. ಪತ್ರಿಕೆಯವರು ಬರುತ್ತಾರಂತೆ, ಧಾರವಾಡದವರು ಬರುತ್ತಾರಂತೆ, ಬರಲಿ ಬಿಡಿ. ನನಗೆ ಬೇಕಾದದ್ದು ಒಬ್ಬರ ಮಾತು. ಹೌದು ಎಂದರೆ ಗೆದ್ದೆ, ಅಲ್ಲ ಎಂದರೆ ಮತ್ತೆ ಮೊದಲಿನಿಂದ ಬರೆಯುತ್ತೇನೆ.

ಕಾರ್ಯಕ್ರಮ ಸಂಜೆ ಆರಕ್ಕೆ. ಅವರು ಐದಕ್ಕೇ ಬಂದು ಬಾಗಿಲಲ್ಲಿ ನಿಂತಿದ್ದರು. ನೀಲಿ ಹಾಕಿ ಒಗೆದ ಬಿಳಿ ಪಂಚೆ, ಮಡಚಿದ ಗುರುತು ಹೋಗದ ಹೊಸ ಅಂಗಿ, ಹಣೆ ತುಂಬ ವಿಭೂತಿ. ಕೆಸರಿಲ್ಲದ ಅವರ ಕಾಲನ್ನು ನಾನು ನೋಡಿದ್ದು ಅವತ್ತೊಂದೇ ದಿನ. ಮುಂದಿನ ಸಾಲಿನಲ್ಲಿ ಕೂರಿಸಿದೆ. "ಎಂಟಕ್ಕೆ ನಮ್ ಕಡೆ ಕೊನೆ ಬಸ್ಸು ಐತೆ ಯವ್ವಾ" ಎಂದರು. ಹೂಂ ಎಂದೆ, ಆದರೆ ಆ ಗಡಿಬಿಡಿಯಲ್ಲಿ ಅದು ತಲೆಗೆ ಹೋಗಲೇ ಇಲ್ಲ. ಭಾಷಣಗಳಲ್ಲೇ ಒಂದು ತಾಸು ಹೋಯಿತು.

ಕೊನೆಗೆ ನಮ್ಮ ಸರದಿ ಬಂತು. ನಾನು ವೇದಿಕೆಯ ಒಂದು ಬದಿಯಲ್ಲಿ, ಹುಡುಗರಿಗೆ ಕಾಣುವ ಹಾಗೆ ಕೂತೆ. ಷಡ್ಜ ನಿಂತಿತು. ಎಲ್ಲೂ ಕಡಿಯಲಿಲ್ಲ. ನನ್ನ ಮಕ್ಕಳು ಅವತ್ತು ನುಡಿಸಿದ ಹಾಗೆ ಮತ್ತೆ ಎಂದೂ ನುಡಿಸಲಿಲ್ಲ. ಕೊನೆಯ ಭಾಗ ಬಂತು. ಹನ್ನೆರಡೂ ಕಮಾನು ಏರಿ ಬಂದವು, ನಿಂತವು. ಒಂದು, ಎರಡು, ಮೂರು ಎಂದು ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ.

ಅಷ್ಟರಲ್ಲಿ ಸಭಾಂಗಣದ ತುಂಬ ಚಪ್ಪಾಳೆ ಬಿತ್ತು!

ಪಾಪ, ಅವರದೇನು ತಪ್ಪು. ವಾದ್ಯ ನಿಂತರೆ ಮುಗಿಯಿತು ಎಂದೇ ಯಾರಾದರೂ ತಿಳಿಯುವುದು. ಕಾರ್ಯದರ್ಶಿಗಳು ಹೂವಿನ ಹಾರ ಹಿಡಿದು ಮೆಟ್ಟಿಲು ಹತ್ತತೊಡಗಿದರು. ಮೀಟಬೇಕಿದ್ದ ಇಬ್ಬರು ಹುಡುಗಿಯರು ನನ್ನ ಮುಖ ನೋಡಿದರು. ಒಬ್ಬಳ ಕಣ್ಣಲ್ಲಿ ನೀರು. ಇಡೀ ವರ್ಷದ ಕೆಲಸ ಕಣ್ಣ ಮುಂದೆಯೇ ಹಾಳಾಗಿ ಹೋಗುತ್ತಿತ್ತು, ನಾನು ಕಲ್ಲಿನ ಹಾಗೆ ಕೂತಿದ್ದೆ.

ಆಗ ಮುಂದಿನ ಸಾಲಿನಿಂದ ಒಂದು ದನಿ. ಅರ್ಧ ಮೈಲಿ ಆಚೆಯ ಗದ್ದೆಯವನನ್ನು ಕೂಗಿ ಕೂಗಿ ಪಳಗಿದ ದನಿ.

"ಏ ತಡೀರಪ್ಪಾ! ಇನ್ನೂ ನೀರು ನಿಂತಿಲ್ಲ!"

ಕಾಕಾ ಎದ್ದು ನಿಂತಿದ್ದರು. ಎರಡೂ ಕೈ ಎತ್ತಿ, ಹಿಂದೆ ತಿರುಗಿ, ಅಷ್ಟು ಮಂದಿಗೂ ಗದರಿದರು. "ಕೂಡ್ರಿ, ಕೂಡ್ರಿ ಎಲ್ಲಾರೂ. ಸಣ್ಣದು ಕೇಳ್ರಿ ಈಗ." ಯಾರೋ ಹಿಂದೆ ಕಿಸಕ್ಕೆಂದು ನಕ್ಕರು. ಆದರೂ ಸಭೆ ಕೂತಿತು. ಕಾರ್ಯದರ್ಶಿಗಳು ಹಾರ ಹಿಡಿದುಕೊಂಡು ಮೆಟ್ಟಿಲ ಮೇಲೆಯೇ ನಿಂತರು. ಅಂಥ ನಿಶ್ಶಬ್ದ ನಾನು ಬರೆದಿರಲೂ ಇಲ್ಲ, ಬರೆಯಲು ಬರುವುದೂ ಇಲ್ಲ. ಹುಡುಗಿಯರಿಗೆ ಕಣ್ಣಲ್ಲೇ ಸನ್ನೆ ಮಾಡಿದೆ. ತೊಟ್ಟು ತೊಟ್ಟಾಗಿ ಆ ಸ್ವರಗಳು ಬಂದವು, ದೂರವಾದವು, ನಿಂತವು. ನಾನು ಕಣ್ಣು ಮುಚ್ಚಿಕೊಂಡಿದ್ದೆ.

ಕಣ್ಣು ತೆರೆದಾಗ ಮಂದಿಯೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಮುಂದಿನ ಸಾಲಿನಲ್ಲಿ ಅವರ ಕುರ್ಚಿ ಖಾಲಿ ಇತ್ತು.

ಹಾರ ಹಾಕಿಸಿಕೊಂಡು, ಫೋಟೊ ತೆಗೆಸಿಕೊಂಡು, ಹೊರಗೆ ಓಡಿ ಬಂದು ಹುಡುಕಿದೆ. ಇರಲಿಲ್ಲ. ಬಸ್ಸಿಗೆ ಹೊತ್ತಾಗಿ ಹೋಗಿರಬೇಕು ಎಂದು ಒಂದು ಮನಸ್ಸು. ಹಿಡಿಸಿದ್ದರೆ ಒಂದು ಮಾತು ಹೇಳದೆ ಹೋಗುತ್ತಿದ್ದರೇ ಎಂದು ಇನ್ನೊಂದು ಮನಸ್ಸು. ಮನೆ ಮುಟ್ಟುವಷ್ಟರಲ್ಲಿ ಆ ಎರಡನೆಯದೇ ಗೆದ್ದಿತ್ತು. ಅವತ್ತೇ ಹೇಳ್ತೀನಿ ಎಂದವರು ಹೇಳದೆ ಹೋದರು ಎಂದರೆ ಅಲ್ಲ ಎಂದೇ ಅರ್ಥ, ನನ್ನ ಮನಸ್ಸು ನೋಯಿಸಬಾರದೆಂದು ಎದ್ದು ಹೋಗಿದ್ದಾರೆ ಎಂದು ನಾನೇ ತೀರ್ಮಾನ ಮಾಡಿಬಿಟ್ಟೆ. ಪತ್ರಿಕೆಯಲ್ಲಿ ಹೊಗಳಿ ಬರೆದರು. ಓದಿ ಮಡಚಿಟ್ಟೆ.

ಮುಂದಿನ ಭಾನುವಾರ ಹೋಗಬಹುದಿತ್ತು. ಅವರು ಫೋನು ಇಟ್ಟುಕೊಂಡವರಲ್ಲ, ಹೋಗಿಯೇ ಕೇಳಬೇಕಿತ್ತು. ಈ ವಾರ ತಲೆನೋವು, ಆ ವಾರ ನೆಂಟರು, ಇನ್ನೊಂದು ವಾರ ಪಾಠ... ನೆಪಗಳಿಗೇನು ಬರ. ನಿಜ ಹೇಳಬೇಕೆಂದರೆ ಅವರ ಬಾಯಿಂದ "ಇದೂ ಕೆರೆ ಅಲ್ಲ" ಎಂದು ಕೇಳಲು ನನಗೆ ಹೆದರಿಕೆ. ಎಂಟು ತಿಂಗಳು ಹೀಗೆಯೇ ಕಳೆದೆ.

ಕೊನೆಗೊಂದು ಭಾನುವಾರ ಧೈರ್ಯ ಮಾಡಿ ಹೋದೆ. ತೂಬಿಗೆ ಕಬ್ಬಿಣದ ಗೇಟು ಕೂರಿಸಿದ್ದರು, ತಿರುಗಿಸಲು ಒಂದು ಚಕ್ರ. ಯಾರೋ ನಡುವಯಸ್ಸಿನವನು ಅದಕ್ಕೆ ಗ್ರೀಸ್ ಹಚ್ಚುತ್ತಿದ್ದ. ನೀರುಗಂಟಿ ಕಾಕಾ ಎಲ್ಲಿ ಎಂದು ಕೇಳಿದೆ. "ಅವ್ರು ಹೋದ್ರಲ್ರಿ. ಯುಗಾದಿಗೆ ಮುಂಚೆ. ಎದೆನೋವು ಬಂತಂತೆ, ದವಾಖಾನೆ ಮುಟ್ಟಲಿಲ್ಲ" ಎಂದ. ಎಲ್ಲಿಗೆ ಹೋದರು ಎಂದು ಕೇಳಬೇಕೆಂದು ಬಾಯಿ ತೆರೆದಿದ್ದೆ. ಆಮೇಲೆ ಅರ್ಥವಾಯಿತು.

ಮನೆ ಅವನೇ ತೋರಿಸಿದ. ನನಗೆ ರೊಟ್ಟಿ ಬಡಿದು ಕಳಿಸುತ್ತಿದ್ದ ಆಕೆಯನ್ನು ಮೊದಲ ಸಲ ನೋಡಿದೆ. ಸಣ್ಣ ಜೀವ, ಬೋಳು ಹಣೆ. ನಾನು ಯಾರೆಂದು ಹೇಳುವ ಮೊದಲೇ, "ಪಿಟೀಲಮ್ಮಾರಲ್ಲೇನ್ರಿ? ಬರ್ರಿ, ಕೂಡ್ರಿ" ಎಂದು ಜಗಲಿಯ ಮೇಲೆ ಚಾಪೆ ಹಾಸಿದರು. ನೀರು ಕೊಟ್ಟರು. ನಾನು ಕೇಳಬೇಕೆಂದು ಬಂದದ್ದನ್ನು ಕೊನೆಗೂ ಕೇಳಿದೆ. "ಅವತ್ತು ದಾವಣಗೆರೆಯಿಂದ ಬಂದ ಮೇಲೆ ಏನಾದ್ರೂ ಹೇಳಿದ್ರೇನಮ್ಮಾ? ನಾವು ನುಡಿಸಿದ್ದರ ಬಗ್ಗೆ?"

"ಏನೂ ಹೇಳಲಿಲ್ರಿ" ಎಂದರು ಆಕೆ. "ಬಸ್ಸು ತಪ್ತೈತೆ ಅಂತ ಓಡಿ ಹೋಗಿ ಹತ್ತಿದ್ರಂತೆ, ದಣಿದು ಬಂದ್ರು. ಕೈಕಾಲು ತೊಳ್ಕೊಂಡು ಉಂಡ್ರು."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಮುಂದುವರಿಸಿದರು.

"ಒಂದು ವಿಚಿತ್ರ ಅಂದ್ರೆ, ದಿನಾ ಉಂಡ ಮ್ಯಾಲೆ ಕೆರೆ ಕಡೆ ಹೋಗಿ ಒಂದು ಸಲ ನಿಂತು ಬರೋದು ಅವ್ರ ರೂಢಿ. ನಾನು ಮದ್ವೆ ಆಗಿ ಬಂದಾಗಿಂದ ನೋಡೀನಿ, ಒಂದು ದಿನ ತಪ್ಪಿಸಿದ್ದಿಲ್ಲ. ಜ್ವರ ಬಂದ್ರೂ ಕಂಬಳಿ ಹೊದ್ಕೊಂಡು ಹೋಗೋರು. ಅವತ್ತು ಉಂಡೋರು ಅಲ್ಲೇ ಹಾಸ್ಕೊಂಡು ಮಲಗಿದ್ರು. ಯಾಕ, ಇವತ್ತು ಕೆರೆಗೆ ಹೋಗಲ್ಲೇನು ಅಂದೆ. 'ಈಗ ಅಲ್ಲಿಂದ್ಲೇ ಬಂದೆನಲ್ಲೇ' ಅಂದ್ರು. ಬಸ್ ಇಳಿದು ಸೀದಾ ಮನಿಗೆ ಬಂದೋರು ಕೆರೆಗೆ ಯಾವಾಗ ಹೋಗಿದ್ರೋ... ವಯಸ್ಸಾತು, ಮರೆವು ಬಂದೈತೆ ಅನ್ಕಂಡೆ ನಾನು."

ನಾನು ಆ ಜಗಲಿಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಆಕೆಗೆ ಗಾಬರಿಯಾಯಿತು, ಗಂಡನ ಸಾವಿಗೆ ಅಳುತ್ತಿದ್ದಾರೆ ಎಂದುಕೊಂಡು ನನ್ನ ಬೆನ್ನು ಸವರಿದರು. ಅದೂ ಹೌದು. ಆಕೆಗೆ ಬಿಡಿಸಿ ಹೇಳಲು ನನಗೆ ಬಾಯಿ ಬರಲಿಲ್ಲ.

ಈಗ ಸಭೆಯವರು ಮತ್ತೆ ಅದೇ ಕೃತಿ ನುಡಿಸಲು ಕೇಳಿದ್ದಾರೆ. ಅದಕ್ಕಾಗಿಯೇ ಹೋದ ವಾರ ಕಪಾಟು ತೆರೆದದ್ದು. ಹನ್ನೆರಡರಲ್ಲಿ ಐವರು ಹೊಸಬರು, ಮಹಡಿಯ ಕೋಣೆಯಲ್ಲಿ ದಿನಾ ಸಂಜೆ ಅಭ್ಯಾಸ ನಡೆದಿದೆ. ಕರಪತ್ರದಲ್ಲಿ ಈ ಸಲ ನನ್ನ ಹೆಸರಿನ ಮೇಲೆ ಅವರ ಹೆಸರು ಹಾಕಿಸಿದ್ದೇನೆ. ಒಂದು ಪ್ರತಿ ಅವರ ಮನೆಗೆ ಕೊಟ್ಟು ಬಂದೆ. ಆಕೆಗೆ ಓದಲು ಬರುವುದಿಲ್ಲ, ಹೆಸರು ಎಲ್ಲಿದೆ ಎಂದು ಕೇಳಿ ಬೆರಳಿಟ್ಟು ನೋಡಿದರು.

ಕೇಳಿದವರೆಲ್ಲ ಚೆನ್ನಾಗಿದೆ ಎನ್ನುತ್ತಾರೆ. ನಾನು ತಲೆಯಾಡಿಸುತ್ತೇನೆ. ನನಗೆ ಬೇಕಾಗಿದ್ದ ಒಂದು ಮಾತು ಎಂಟು ತಿಂಗಳು ಆ ಮನೆಯಲ್ಲಿ ನನಗಾಗಿ ಕಾದಿತ್ತು. ಎದುರಿಗೆ ಕೂತು ಕೇಳಬಹುದಿತ್ತು, ಅವರು ಹೇಳುವಾಗ ಮುಖ ನೋಡಬಹುದಿತ್ತು, ಕಾಕಾ ಎಂದು ಇನ್ನೊಂದು ಸಲ ಕರೆಯಬಹುದಿತ್ತು. ಹರಿಹರದಲ್ಲಿ ಬಸ್ಸು ಬದಲಿಸಿದರೆ ಅಲ್ಲಿಂದ ಮುಕ್ಕಾಲು ತಾಸಿನ ದಾರಿ. ನಾನು ಹೋಗಲಿಲ್ಲ.